ಬಿಟ್ರೆ ತಿರುಗಿ ಸಿಗಲ್ಲ!

ಬಿಟಿಎಸ್ ಅಂದ್ರೆ ಏನು? ಇವತ್ತಿನ ಕಾಲೇಜು ಹುಡುಗರನ್ನ ಕೇಳಿ, ಕೊರಿಯಾದ ಹಾಡುಗಾರರ ತಂಡ ಅಂತಾರೆ. ಐವತ್ತು ದಾಟಿದ ಬೆಂಗಳೂರಿನವರನ್ನ ಕೇಳಿ, ಮೊದಲು ಒಂದು ನಗು ಬರುತ್ತೆ. ಆಮೇಲೆ ಹೇಳ್ತಾರೆ: "ಬಿಟ್ರೆ ತಿರುಗಿ ಸಿಗಲ್ಲ." ಬೆಂಗಳೂರು ಟ್ರಾನ್ಸ್‌ಪೋರ್ಟ್ ಸರ್ವಿಸ್ ಅನ್ನೋ ಹೆಸರಿಗೆ ಜನರೇ ಕೊಟ್ಟ ಅರ್ಥ ಅದು. ಬಸ್ ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ನಿಂತವರ ಹೊಟ್ಟೆಯೊಳಗಿಂದ ಬಂದ ತಮಾಷೆ.

ವೀಕ್ಷಕರೇ, ಆ ತಮಾಷೆ ಈಗ ಅಕ್ಷರಶಃ ನಿಜವಾಗಿದೆ. ಆ ಕೆಂಪು ಬಸ್ಸನ್ನ ನಾವು ಬಿಟ್ಟುಬಿಟ್ವಿ. ಅದು ತಿರುಗಿ ಸಿಗ್ತಾ ಇಲ್ಲ.

ಇದನ್ನ ಉತ್ತರ ಬೆಂಗಳೂರಿನಲ್ಲೇ ನಿಂತು ನೋಡೋಣ. ಯಾಕಂದ್ರೆ ಹಳೆಯದನ್ನ ಉಳಿಸೋದು ಹೇಗೆ ಅನ್ನೋದು ಊರಿನ ಈ ಭಾಗಕ್ಕೆ ಚೆನ್ನಾಗಿ ಗೊತ್ತಿದೆ. ಜಾಲಹಳ್ಳಿಗೆ ಹೋಗಿ. ಎಚ್‌ಎಂಟಿ ಹೆರಿಟೇಜ್ ಸೆಂಟರ್ ಇದೆ. ಅಪ್ಪ, ತಾತನ ಕೈಯಲ್ಲಿದ್ದ ಗಡಿಯಾರಗಳು ಅಲ್ಲಿ ಗಾಜಿನೊಳಗೆ ಕೂತಿವೆ. ಯಲಹಂಕ ದಾಟಿ ಚಿಕ್ಕಬಳ್ಳಾಪುರದ ರೈಲು ಹಳಿ ಹಿಡಿದು ಹೋಗಿ. 1915ರಲ್ಲಿ ಶುರುವಾದ ಮಾರ್ಗ ಅದು. ದೊಡ್ಡಜಾಲ, ದೇವನಹಳ್ಳಿ, ನಂದಿ ಹಾಲ್ಟ್ ಕಡೆಯ ಹಳೆ ಸ್ಟೇಷನ್ ಕಟ್ಟಡಗಳ ದುರಸ್ತಿಗೆ ಇಂಟ್ಯಾಕ್ ಸಂಸ್ಥೆ ಕೈಹಾಕಿದೆ. ಇನ್ನು ಯಲಹಂಕದ ವಾಯುನೆಲೆ. 2019ರ ಏರೋ ಇಂಡಿಯಾದಲ್ಲಿ ಅಲ್ಲಿನ ಆಕಾಶದಲ್ಲಿ ಒಂದು ಡಕೋಟಾ ವಿಮಾನ ಹಾರಿತು. 1947ರಲ್ಲಿ ಶ್ರೀನಗರಕ್ಕೆ ನಮ್ಮ ಸೈನಿಕರನ್ನ ಇಳಿಸಿದ ಮಾದರಿಯ ವಿಮಾನ. ಗುಜರಿ ಸೇರಿದ್ದ ಒಂದನ್ನ ಹುಡುಕಿ, ಬ್ರಿಟನ್ನಿನಲ್ಲಿ ಪೂರ್ತಿ ಸರಿಮಾಡಿಸಿ, 2018ರಲ್ಲಿ ವಾಯುಪಡೆಗೆ ಉಡುಗೊರೆಯಾಗಿ ಕೊಟ್ಟಿದ್ದರು. ಅದಕ್ಕೆ 'ಪರಶುರಾಮ' ಅಂತ ಹೆಸರು.

ಗಡಿಯಾರ ಉಳೀತು, ಸ್ಟೇಷನ್ ಉಳೀತು, ವಿಮಾನವೂ ಉಳೀತು. ರೈಲಿಗೆ ಮೈಸೂರಿನಲ್ಲಿ 1979ರಿಂದಲೇ ಮ್ಯೂಸಿಯಂ ಇದೆ. ವಿಂಟೇಜ್ ಕಾರುಗಳಿಗೆ ಧರ್ಮಸ್ಥಳ ಇದೆ, ಶ್ರೀರಂಗಪಟ್ಟಣದ ಹತ್ತಿರ 'ಪಯಣ' ಇದೆ. ಹಾಗಾದ್ರೆ ಜಾಲಹಳ್ಳಿಯ ಫ್ಯಾಕ್ಟರಿಗೆ ಆ ಗಡಿಯಾರ ಮಾಡೋಕೆ ಹೋಗ್ತಿದ್ದ ಕಾರ್ಮಿಕ ಯಾವುದರಲ್ಲಿ ಹೋಗ್ತಿದ್ದ? ಬಸ್ಸಿನಲ್ಲಿ ಅಲ್ವಾ? ಆ ಬಸ್ ಎಲ್ಲಿ?

ಅದರ ಕಥೆ ಸ್ವಲ್ಪ ಹಿಂದಿನಿಂದ ಹೇಳ್ತೀನಿ. ಮೊದಲು ಬಸ್ಸು ಅಂದ್ರೆ ಖಾಸಗಿಯವರದ್ದು. ಪೆಟ್ರೋಲ್ ಎಂಜಿನ್, ಮರದ ಬಾಡಿ, ಜನ ತುಂಬಿದ ಮೇಲೆ ಹೊರಡೋ ಟೈಮು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೇ ಹೋದಾಗ ಬಸ್ಸಿಗೆ ಒಲೆಯಂಥ ಡ್ರಮ್ ಕಟ್ಟಿ, ಇದ್ದಿಲು ಉರಿಸಿ, ಅದರ ಗ್ಯಾಸಿನಿಂದ ಎಂಜಿನ್ ಓಡಿಸಿದರು. ನಮ್ಮ ಅಜ್ಜ ಅಜ್ಜಿಯರು 'ಇದ್ದಿಲು ಬಸ್ಸು' ಅಂತಿದ್ದದ್ದು ಇದನ್ನೇ. ಬೆಂಗಳೂರಿನಲ್ಲಿ 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿ ಬಂತು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ ತನ್ನದೇ ಸಾರಿಗೆ ಇಲಾಖೆ ಶುರು ಮಾಡಿತು, 120 ಬಸ್ಸುಗಳಿಂದ. 1956ರಲ್ಲಿ ಬೆಂಗಳೂರಿನ ಕಂಪನಿಯೂ ಸರ್ಕಾರದ ಕೈಗೆ ಬಂತು. ಬಿಟಿಸಿ ಹೋಗಿ ಬಿಟಿಎಸ್ ಆಯ್ತು. 1961ರ ಆಗಸ್ಟ್ 1ರಂದು ಸರ್ಕಾರದ ಇಲಾಖೆ ನಿಗಮವಾಯ್ತು. 1973ರಲ್ಲಿ ರಾಜ್ಯದ ಹೆಸರು ಬದಲಾದಾಗ ಅದು ಕೆಎಸ್‌ಆರ್‌ಟಿಸಿ. 1997ರ ಆಗಸ್ಟ್ 15ರಂದು ಬೆಂಗಳೂರಿನ ಬಸ್ಸುಗಳು ಬೇರೆಯಾಗಿ ಬಿಎಂಟಿಸಿ. ಡಬಲ್ ಡೆಕರ್‌ಗಳು ರಸ್ತೆಯಿಂದ ಮಾಯವಾದದ್ದೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ.

ಇಷ್ಟು ದೊಡ್ಡ ಕಥೆಯಲ್ಲಿ ಕಾಗದ ಇದೆ, ಫೋಟೋ ಇದೆ. ಶಿವಾಜಿ ರಾವ್ ಗಾಯಕ್ವಾಡ್ ಅನ್ನೋ ಬಿಟಿಎಸ್ ಕಂಡಕ್ಟರ್ ಮುಂದೆ ರಜನಿಕಾಂತ್ ಆದ ಕಥೆ ಊರಿಗೆಲ್ಲ ಗೊತ್ತು. ಆದರೆ ಅವರು ಟಿಕೆಟ್ ಹರಿದ ಕಾಲದ ಬಸ್ಸನ್ನ ನಿಮ್ಮ ಮಗುವಿಗೆ ಮುಟ್ಟಿ ತೋರಿಸ್ತೀರಾ? ಹಳೆ ಸಿನಿಮಾದಲ್ಲಿ ಹೀರೋ ಹಿಂದೆ ಹಾದುಹೋಗುತ್ತಲ್ಲ, ಅಷ್ಟೇ ನಮ್ಮ ಪಾಲಿಗೆ.

ಯಾಕೆ ಹೀಗಾಯ್ತು? ನಾನು ಓದಿದ್ದು ಎಂಜಿನಿಯರಿಂಗ್, ಸ್ವಲ್ಪ ಆ ಲೆಕ್ಕದಲ್ಲಿ ಹೇಳ್ತೀನಿ. ಬಸ್ಸು ಅನ್ನೋದು ಕಾರಿನ ಹಾಗೆ ಒಂದೇ ಫ್ಯಾಕ್ಟರಿಯಿಂದ ಪೂರ್ತಿ ತಯಾರಾಗಿ ಬರ್ತಿದ್ದ ವಸ್ತು ಅಲ್ಲ. ಕಂಪನಿ ಕೊಡ್ತಿದ್ದದ್ದು ಚಾಸಿ ಮಾತ್ರ. ಅಂದ್ರೆ ಎಂಜಿನ್, ಗೇರ್ ಬಾಕ್ಸ್, ಚಕ್ರ, ಸ್ಟೇರಿಂಗ್, ಒಂದು ಸೀಟು. ಮೇಲೆ ಸೂರಿಲ್ಲ, ಮುಂದೆ ಗಾಜಿಲ್ಲ. ಅಂಥ ಬರೀ ಚಾಸಿಯನ್ನ ಬಿಸಿಲು ಗಾಳಿಯಲ್ಲಿ, ತಲೆಗೆ ಬಟ್ಟೆ ಸುತ್ತಿಕೊಂಡು ಹೈವೇ ಮೇಲೆ ಓಡಿಸಿಕೊಂಡು ಬರೋ ಡ್ರೈವರ್‌ಗಳನ್ನ ನೀವೂ ನೋಡಿರ್ತೀರಿ. ಬಾಡಿ ಕಟ್ಟೋದು ಇಲ್ಲಿ. ಕೆಎಸ್‌ಆರ್‌ಟಿಸಿಗೆ ಕೆಂಗೇರಿಯಲ್ಲಿ, ಹಾಸನದಲ್ಲಿ ಸ್ವಂತ ವರ್ಕ್‌ಶಾಪ್‌ಗಳಿವೆ. ವಿಮಾನ ಕಟ್ಟೋ ಎಚ್‌ಎಎಲ್ ಕೂಡ ಯುದ್ಧ ಮುಗಿದ ಮೇಲೆ ರೈಲು ಬೋಗಿ, ಬಸ್ ಬಾಡಿ ಕಟ್ಟಿದ ಕಾಲ ಇತ್ತು.

ಇದರ ಅರ್ಥ ಏನು ಗೊತ್ತಾ? ಲೇಲ್ಯಾಂಡ್ ಎಂಜಿನ್ ಮದ್ರಾಸಿನಲ್ಲೂ ಒಂದೇ, ಬೊಂಬಾಯಿಯಲ್ಲೂ ಒಂದೇ. ಆದರೆ ಬಾಡಿ ನಮ್ಮದು. ಕಿಟಕಿ ಹೇಗಿರಬೇಕು, ಹೆಂಗಸರ ಸೀಟು ಎಲ್ಲಿ, ಬೋರ್ಡಿನ ಮೇಲೆ ಕನ್ನಡ ಅಕ್ಷರ ಎಷ್ಟು ದಪ್ಪ, ಕಂಡಕ್ಟರ್ "ಹೋಲ್ಡಾನ್" ಅಂತ ಕೂಗಿದ್ರೆ ಡ್ರೈವರ್ ಕಿವಿಗೆ ಬೀಳುತ್ತಾ, ಇದನ್ನೆಲ್ಲ ತೀರ್ಮಾನ ಮಾಡಿದ್ದು ಇಲ್ಲಿನ ಬಡಗಿ, ಇಲ್ಲಿನ ವೆಲ್ಡರ್, ಇಲ್ಲಿನ ಪೇಂಟರ್. ಬಸ್ಸು ಗುಜರಿಗೆ ಹೋದಾಗ ಎಂಜಿನ್ನಿನ ಭಾಗಗಳು ಬೇರೆ ಗಾಡಿಗೆ ಬದುಕಿಕೊಳ್ತವೆ. ಮೊದಲು ಸಾಯೋದು ಬಾಡಿ. ಅಲ್ಯೂಮಿನಿಯಂ ತಗಡು ಕಿತ್ತು ತೂಕಕ್ಕೆ ಹಾಕ್ತಾರೆ, ಮರ ಒಲೆಗೆ ಹೋಗುತ್ತೆ. ನಮ್ಮವರ ಕೈಕೆಲಸ ಮೊದಲು ಅಳಿಸಿಹೋಗುತ್ತೆ.

ಇನ್ನೊಂದು ಕಾರಣ ಇದೆ. ಕಾರಿಗೆ ಯಜಮಾನ ಇರ್ತಾನೆ. ತಾತನ ಕಾರು ಅಂತ ಮೊಮ್ಮಗ ಶೆಡ್ಡಿನಲ್ಲಿ ಇಟ್ಕೊಳ್ತಾನೆ, ಭಾನುವಾರ ಒರೆಸ್ತಾನೆ. ಬಸ್ಸಿಗೆ ಲಕ್ಷಾಂತರ ಜನ ಯಜಮಾನರು. ಎಲ್ಲರದ್ದೂ ಅಂದ್ರೆ ಯಾರದ್ದೂ ಅಲ್ಲ. ನಿಗಮದ ಪುಸ್ತಕದಲ್ಲಿ ಅದು ಒಂದು ನಂಬರ್. ಇಷ್ಟು ಲಕ್ಷ ಕಿಲೋಮೀಟರ್ ಓಡ್ತು, ಇಷ್ಟು ವರ್ಷ ಆಯ್ತು, ಹರಾಜು ಹಾಕು. ಅಧಿಕಾರಿಗಳದ್ದು ತಪ್ಪು ಅಂತ ನಾನು ಹೇಳಲ್ಲ. ಲೆಕ್ಕಪರಿಶೋಧಕರು ಕೇಳೋದು ಅದನ್ನೇ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಕಾನೂನು ಏನು ಹೇಳುತ್ತೆ?

2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಒಳ್ಳೇ ನಿಯಮ. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು, ವ್ಯಾಪಾರಕ್ಕೆ ಬಳಸಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಬಾಳಿಕೆ, ನಂಬರ್ ಪ್ಲೇಟಿನಲ್ಲಿ 'ವಿಎ' ಅನ್ನೋ ಅಕ್ಷರ. ದಿನಾ ರಸ್ತೆಗಿಳಿಸೋ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ಇಂಧನ, ರಿಪೇರಿ ಇಷ್ಟಕ್ಕೆ ಮಾತ್ರ. ಆದರೆ ಯಾವ ಯಾವ ವಾಹನಕ್ಕೆ? ದ್ವಿಚಕ್ರ ವಾಹನಕ್ಕೆ, ಮತ್ತು 'ಎಂ1' ವರ್ಗದ ವಾಹನಕ್ಕೆ. ಎಂ1 ಅಂದ್ರೆ ಡ್ರೈವರ್ ಬಿಟ್ಟು ಎಂಟು ಜನಕ್ಕಿಂತ ಹೆಚ್ಚು ಕೂರದ ಗಾಡಿ, ಅಂದ್ರೆ ಕಾರು. ದೊಡ್ಡ ಬಸ್ಸು ಸೇರೋದು 'ಎಂ3' ವರ್ಗಕ್ಕೆ. ಅದರ ಹೆಸರೇ ಅಲ್ಲಿಲ್ಲ!

ಇನ್ನೊಂದು ಆದೇಶ 2023ರದ್ದು. ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ರದ್ದು. ಸಾರಿಗೆ ನಿಗಮದ ಬಸ್ಸುಗಳೂ ಸೇರಿ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕಳಿಸಬೇಕು. ಹೊಗೆ ಉಗುಳೋ, ಬ್ರೇಕ್ ಹಿಡಿಯದ ಗಾಡಿ ರಸ್ತೆಯಲ್ಲಿ ಇರಬಾರದು, ಅದು ಸರಿಯೇ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸರ್ಕಾರಿ ಬಸ್ಸಿಗೆ 15ನೇ ವರ್ಷಕ್ಕೆ ಮರಣಪತ್ರ. ವಿಂಟೇಜ್ ಅನ್ನೋ ಗೌರವ ಸಿಗೋಕೆ 50 ವರ್ಷ ಆಗಬೇಕು. ಮಧ್ಯೆ 35 ವರ್ಷದ ಕಂದಕ. ಅದನ್ನೂ ಯಾರೋ ಹೇಗೋ ದಾಟಿಸಿ ಆಚೆ ದಡಕ್ಕೆ ತಂದರು ಅಂತಿಟ್ಕೊಳ್ಳಿ. ಅಲ್ಲಿ ಕಾರಿಗೆ ಬಾಗಿಲು ತೆಗೀತಾರೆ, ಬಸ್ಸಿಗೆ ಇಲ್ಲ. ಒಬ್ಬರು ಓಡಾಡಿದ ಗಾಡಿ ಪರಂಪರೆ, ಊರೆಲ್ಲ ಓಡಾಡಿದ ಗಾಡಿ ಗುಜರಿ. ಇದು ಯಾವ ನ್ಯಾಯ?

ಬೇರೆಯವರು ಹೇಗೆ ಮಾಡಿದ್ದಾರೆ ನೋಡೋಣ. ದೂರ ಯಾಕೆ, ಹೈದರಾಬಾದಿಗೆ ಹೋಗಿ. 1932ರಲ್ಲಿ ನಿಜಾಮರ ರೈಲ್ವೆ ಇಲಾಖೆ 27 ಬಸ್ಸು, 166 ಸಿಬ್ಬಂದಿಯಿಂದ ರಸ್ತೆ ಸಾರಿಗೆ ಶುರು ಮಾಡಿತ್ತು. ನಮ್ಮ ಕಲಬುರಗಿ, ಬೀದರ್, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಆ ಕಾಲದ ಒಂದು ಆಲ್ಬಿಯನ್ ಬಸ್ಸನ್ನ ಸರಿಮಾಡಿ ಅಲ್ಲಿನ ಬಸ್ ಭವನದಲ್ಲಿ ನಿಲ್ಲಿಸಿದ್ದಾರೆ. ಮುಂಬೈನಲ್ಲಿ ಬೆಸ್ಟ್ ಸಂಸ್ಥೆಗೆ ಆಣಿಕ್ ಡಿಪೊದಲ್ಲಿ ಮ್ಯೂಸಿಯಂ ಇದೆ. 1937ರಿಂದ ಓಡಿದ ಅಲ್ಲಿನ ಡೀಸೆಲ್ ಡಬಲ್ ಡೆಕರ್‌ಗಳ ಕಾಲ 2023ರ ಸೆಪ್ಟೆಂಬರ್ 15ಕ್ಕೆ ಮುಗಿಯಿತು. ಜನ ಹೂವಿನ ಹಾರ ಹಾಕಿ ಬೀಳ್ಕೊಟ್ಟರು. ಒಂದನ್ನಾದರೂ ಮ್ಯೂಸಿಯಂನಲ್ಲಿಡಿ ಅಂತ ಅಭಿಮಾನಿಗಳು ಒತ್ತಾಯ ಮಾಡಿದರು.

ಇನ್ನು ಇಂಗ್ಲೆಂಡ್. ಅಲ್ಲಿ ಈ ಕೆಲಸ ಶುರು ಮಾಡಿದ್ದು ಸರ್ಕಾರ ಅಲ್ಲ. 1956ರಲ್ಲಿ ಕೆಲವು ಗೆಳೆಯರು ಕೈಯಿಂದ ಕಾಸು ಹಾಕಿ, ಲಂಡನ್ನಿನ ಸೇವೆಯಿಂದ ನಿವೃತ್ತಿಯಾಗಿದ್ದ 1929ರ ಒಂದು ಬಸ್ಸು ಕೊಂಡರು. ಟಿ31 ಅಂತ ಅದರ ನಂಬರ್. ಇವತ್ತಿಗೂ ಅದು ಬ್ರೂಕ್‌ಲ್ಯಾಂಡ್ಸ್‌ನ ಲಂಡನ್ ಬಸ್ ಮ್ಯೂಸಿಯಂನಲ್ಲಿದೆ. ಅಲ್ಲೀಗ ಹಳೆ ಬಸ್ ರಿಪೇರಿ ಅನ್ನೋದು ನಿವೃತ್ತರ, ಹುಡುಗರ ವಾರಾಂತ್ಯದ ಹವ್ಯಾಸ. 1956 ಅಂದ್ರೆ ನೆನಪಿಸಿಕೊಳ್ಳಿ, ನಮ್ಮ ಬಿಟಿಎಸ್ ಹುಟ್ಟಿದ ವರ್ಷ. ನಾವು ಹೊಸ ಬಸ್ಸು ಬಿಡ್ತಿದ್ದಾಗ ಅವರು ಹಳೇದನ್ನ ಎತ್ತಿಡೋಕೆ ಶುರು ಮಾಡಿದ್ದರು.

ನಮ್ಮಲ್ಲಿ ಉತ್ಸಾಹಿಗಳು ಇಲ್ಲ ಅಂದ್ಕೋಬೇಡಿ. ಮೆಜೆಸ್ಟಿಕ್‌ನಲ್ಲಿ ಕ್ಯಾಮೆರಾ ಹಿಡಿದು ಬಸ್ಸಿನ ಫೋಟೋ ಹೊಡೆಯೋ ಹುಡುಗರಿದ್ದಾರೆ. ರಟ್ಟು, ಫೋಮ್ ಶೀಟಿನಲ್ಲಿ ಕೆಂಪು ಬಸ್ಸಿನ ಮಾಡೆಲ್ ಕಟ್ಟಿ, ಹೆಡ್‌ಲೈಟಿಗೆ ಸಣ್ಣ ಬಲ್ಬು ಇಡೋರಿದ್ದಾರೆ. ಮೊಬೈಲ್ ಗೇಮಿನಲ್ಲಿ ಇಂಡೋನೇಷ್ಯಾದ ಬಸ್ಸಿಗೆ ಕೆಎಸ್‌ಆರ್‌ಟಿಸಿ ಬಣ್ಣ ಬಳಿದು ಓಡಿಸೋರಿದ್ದಾರೆ. ಪ್ರೀತಿ ಇದೆ. ಆದರೆ 35 ಅಡಿ ಉದ್ದದ ನಿಜವಾದ ಬಸ್ಸನ್ನ ಆರ್.ಟಿ. ನಗರದ 30-40 ಸೈಟಿನಲ್ಲಿ ಎಲ್ಲಿ ನಿಲ್ಲಿಸ್ತೀರಿ? ಅದಕ್ಕೇ ಪ್ರೀತಿ ರಟ್ಟಿನ ಅಳತೆಗೆ ಇಳಿದಿದೆ.

ರಿಪೇರಿ ಅಸಾಧ್ಯವೂ ಅಲ್ಲ. ಹಳೆ ಲೇಲ್ಯಾಂಡ್, ಟಾಟಾ ಬಸ್ಸಿನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಡೀಸೆಲ್ ಪಂಪು, ಬ್ರೇಕು, ಡೈನಮೊ ಎಲ್ಲ ಬಿಚ್ಚಿ ಜೋಡಿಸುವಂಥದ್ದು. ಆ ಕಾಲದ ಲಾರಿ, ಬಸ್ಸುಗಳ ಭಾಗಗಳು ಒಂದಕ್ಕೊಂದು ಹೊಂದುತ್ತಿದ್ದವು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಹುಡುಕಬಹುದು. ಸಿಗದ ಬುಷ್ಷನ್ನ ಲೇಥಿನಲ್ಲಿ ತಿರುಗಿಸಿಕೊಡೋ ಕೈಗಳು ಯಶವಂತಪುರ, ಪೀಣ್ಯದಲ್ಲಿವೆ. ಕೆಎಸ್‌ಆರ್‌ಟಿಸಿಯೇ ತನ್ನ ಓಡುವ ಹಳೆ ಬಸ್ಸುಗಳನ್ನ ವರ್ಕ್‌ಶಾಪಿನಲ್ಲಿ ಬಿಚ್ಚಿ, ಹೊಸ ಬಾಡಿ ಕಟ್ಟಿ ರಸ್ತೆಗೆ ಬಿಟ್ಟಿದೆ. 2020ರಲ್ಲಿ ಒಂದು ಹಳೆ ಬಸ್ಸನ್ನ ಹೆಂಗಸರ ಶೌಚಾಲಯವಾಗಿ ಮಾಡಿ ಮೆಜೆಸ್ಟಿಕ್‌ನಲ್ಲಿ ನಿಲ್ಲಿಸಿತ್ತು. ಕೌಶಲ ಇದೆ ಅಂತ ಆಯ್ತಲ್ಲ? ಕಷ್ಟ ಇರೋದು ಬೇರೆ ಕಡೆ. ಮರದ ಫ್ರೇಮನ್ನ ತಗಡಿನೊಳಗೆ ಹೇಗೆ ಕೂರಿಸ್ತಿದ್ದರು, ರಿವೆಟ್ ಸಾಲು ಯಾವ ಅಂತರಕ್ಕೆ ಹೊಡೀತಿದ್ದರು ಅನ್ನೋದು ಪುಸ್ತಕದಲ್ಲಿಲ್ಲ. ನಿವೃತ್ತ ಮೆಕ್ಯಾನಿಕ್‌ಗಳ ಬೆರಳಲ್ಲಿದೆ. ಅವರಿಗೆ ಈಗ ಎಪ್ಪತ್ತು, ಎಂಬತ್ತು ವರ್ಷ.

ಕೆಲವರು ಕೇಳ್ತಾರೆ: "ಸರ್, ಓಡೋ ಬಸ್ಸಿಗೇ ಗತಿ ಇಲ್ಲ. ಬಾಗಿಲಲ್ಲಿ ನೇತಾಡ್ಕೊಂಡು ಹೋಗ್ತೀವಿ. ಹಳೆ ಬಸ್ಸಿಗೆ ದುಡ್ಡು ಯಾಕೆ?" ನ್ಯಾಯವಾದ ಪ್ರಶ್ನೆ. ಬಿಎಂಟಿಸಿ ಬಳಿ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿವೆ. ನಾನು ಕೇಳ್ತಿರೋದು ನೂರಲ್ಲ, ಹತ್ತಲ್ಲ. ಒಂದೊಂದು ಮಾದರಿಗೆ ಒಂದು. ನಿಗಮಕ್ಕೆ ನಷ್ಟ ಆಗೋದು ಆ ಒಂದು ಬಸ್ಸಿನ ಗುಜರಿ ಬೆಲೆ ಮಾತ್ರ. ರಿಪೇರಿ ಖರ್ಚು, ಶ್ರಮ ಉತ್ಸಾಹಿಗಳ ಸಂಘ ಹೊರಲಿ. ಡಿಪೊದಲ್ಲಿ ಸೂರಿರೋ ಒಂದು ಮೂಲೆ ಕೊಟ್ಟರೆ ಸಾಕು.

ಇದನ್ನ ಈಗಲೇ ಯಾಕೆ ಹೇಳ್ತಿದ್ದೀನಿ ಅಂದ್ರೆ, ಮುಂದಿನ ಸರದಿ ಡೀಸೆಲ್ ಬಸ್ಸಿನದ್ದೇ. ಹೆಬ್ಬಾಳ ಫ್ಲೈಓವರ್ ಮೇಲೆ ನಿಂತು ನೋಡಿ, ಸದ್ದಿಲ್ಲದ ಎಲೆಕ್ಟ್ರಿಕ್ ಬಸ್ಸುಗಳು ಹೋಗ್ತಾ ಇರ್ತವೆ. ಮೆಜೆಸ್ಟಿಕ್ಕಿನಿಂದ ವಿದ್ಯಾರಣ್ಯಪುರಕ್ಕೆ ಹೋಗೋ 276 ನಂಬರಿನಲ್ಲಿ ಗೇರ್ ಬದಲಾಯಿಸೋ ಸದ್ದು ಕೇಳ್ತಾ ನಿದ್ದೆ ಹೋದವರು ನಮ್ಮ ಪೀಳಿಗೆಯೇ ಕೊನೆ ಇರಬಹುದು. ದೇಶದಲ್ಲೇ ಮೊದಲು ನಗರ ಸಾರಿಗೆಗೆ ವೋಲ್ವೊ ತಂದ ಊರು ನಮ್ಮದು. 2006ರ ಹೊತ್ತಿನ ಆ ಬಸ್ಸುಗಳಿಗೂ 15 ವರ್ಷ ದಾಟಿಹೋಗಿದೆ. ಬಿಟಿಎಸ್ ಬಸ್ಸಿಗೆ ಆದದ್ದೇ ಇವಕ್ಕೂ ಆಗಬೇಕಾ?

ಬೇಕಾಗಿರೋದು ಎರಡೇ ಕೆಲಸ. ವಿಂಟೇಜ್ ನಿಯಮದಲ್ಲಿ ಎಂ1 ಜೊತೆಗೆ, ವ್ಯಾಪಾರಕ್ಕೆ ಬಳಸದ ಬಸ್ಸುಗಳ ವರ್ಗವನ್ನೂ ಕೇಂದ್ರ ಸಚಿವಾಲಯ ಸೇರಿಸಲಿ. ನಮ್ಮ ಸಂಸದರು ಇದನ್ನ ಕೇಳಬಹುದು. ಎರಡನೇದು, ನಮ್ಮ ನಾಲ್ಕೂ ಸಾರಿಗೆ ನಿಗಮಗಳು ಮುಂದಿನ ಹರಾಜಿನ ಪಟ್ಟಿಗೆ ಸಹಿ ಹಾಕೋ ಮೊದಲು, ಅದರಿಂದ ಒಂದು ನಂಬರನ್ನ ಹೊಡೆದುಹಾಕಲಿ. ಅದರ ಪಕ್ಕ 'ಉಳಿಸಿಕೊಳ್ಳುವುದು' ಅಂತ ಬರೆಯಲಿ. ಅದಕ್ಕೆ ಬೇಕಾಗೋದು ಒಂದು ಪೆನ್ನು ಮತ್ತು ಅರ್ಧ ನಿಮಿಷ.