ಘಟ್ಟ ಮುಚ್ಚುವ ಕಾಲ

ದೀಪಾವಳಿ ಮುಗಿದು ಯಮದ್ವಿತೀಯೆ ಬಂತೆಂದರೆ ಕೇದಾರನಾಥದ ಬಾಗಿಲು ಹಾಕುತ್ತಾರೆ. ಮುಂದಿನ ಆರು ತಿಂಗಳು ಅಲ್ಲಿ ಹಿಮದ್ದೇ ಆಳ್ವಿಕೆ. ತುಳುನಾಡಿನಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ, ಕಂಬಳದ ಗದ್ದೆಗಳಲ್ಲಿ ಕೋಣಗಳು ಇಳಿಯುತ್ತವೆ, ಘಟ್ಟದ ದಾರಿಗಳು ಒಣಗಿ ಗಟ್ಟಿಯಾಗುತ್ತವೆ. ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿರುವ ಬೆಳುವಾಯಿಯಂಥ ಊರಿಗೆ ಚಳಿಗಾಲವೇ ಓಡಾಟದ ಸುಗ್ಗಿ. ಪೂರ್ವಕ್ಕೆ ಕೋಟೆಯಂತೆ ನಿಂತ ಕುದುರೆಮುಖದ ಸಾಲಿಗೆ ಬಾಗಿಲು ಹಾಕುವುದು ಮಳೆ. ಹಿಮದ ನಾಡಿಗೆ ಚಳಿಗಾಲ ಹೇಗೋ ಘಟ್ಟದ ತಪ್ಪಲಿಗೆ ಮಳೆಗಾಲ ಹಾಗೆ. ಈ ಸೀಮೆಯ ಇತಿಹಾಸದ ಅರ್ಧಪಾಲು ಆ ಮುಚ್ಚಿದ ತಿಂಗಳುಗಳಲ್ಲೇ ಇದೆ.

ಬಾಗಿಲು ಹಾಕುವುದಕ್ಕೂ ಇಲ್ಲಿ ಒಂದು ದಿನವುಂಟು. ತುಳು ತಿಂಗಳು ಬೇಶದ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ ಬರುವ ಪತ್ತನಾಜೆ. ಆ ದಿನದೊಂದಿಗೆ ಭೂತಗಳ ಕೋಲ, ನೇಮ ನಿಲ್ಲುತ್ತವೆ. ಮೇಳದ ಕಲಾವಿದರು ಗೆಜ್ಜೆ ಬಿಚ್ಚುತ್ತಾರೆ. ಅಷ್ಟರೊಳಗೆ ಮನೆಯವರು ಸೌದೆ ಒಟ್ಟಬೇಕು. ಉಪ್ಪು, ಒಣಮೀನು, ಹಪ್ಪಳ, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ ಅಟ್ಟ ಸೇರಬೇಕು. ಮುಂದೆ ಆಟಿ ತಿಂಗಳು. ಕಣಜ ಬರಿದಾಗಿ, ತಜಂಕಿನ ಸೊಪ್ಪು, ಕೆಸುವಿನ ಎಲೆ, ಹಲಸಿನ ಬೀಜಗಳಲ್ಲಿ ದಿನ ನೂಕಿದ ಕಾಲ ಅದು. ಇಂದು ಆಟಿಯ ತಿನಿಸುಗಳನ್ನು ಹಬ್ಬದಂತೆ ಬಡಿಸುತ್ತಾರೆ; ಅವುಗಳ ಹಿಂದಿರುವುದು ಹಸಿವು.

ಮುಚ್ಚಿದ ಕಾಲವೆಂದು ಯಾರೂ ಕೈಕಟ್ಟಿ ಕೂರಲಿಲ್ಲ. ಬಯಲಾಟ ನಿಂತಾಗ ಜಗಲಿಯಲ್ಲಿ ತಾಳಮದ್ದಳೆ ಶುರುವಾಗುತ್ತಿತ್ತು. ವೇಷವಿಲ್ಲ, ಕುಣಿತವಿಲ್ಲ, ಮಾತೇ ಎಲ್ಲ. ಆ ಕಲೆ ಅಷ್ಟು ಬೆಳೆದದ್ದರಲ್ಲಿ ಮಳೆಯ ಪಾಲು ದೊಡ್ಡದು.

ರಸ್ತೆಗಳಿಲ್ಲದ ದಿನಗಳಲ್ಲಿ ಘಟ್ಟದ ವ್ಯಾಪಾರವೆಲ್ಲ ಹೇರೆತ್ತುಗಳ ಬೆನ್ನ ಮೇಲೆ. ಉಪ್ಪು, ಒಣಮೀನು, ತೆಂಗಿನಕಾಯಿ ಮೇಲಕ್ಕೆ ಹೋದರೆ ಅಡಿಕೆ, ಮೆಣಸು, ಏಲಕ್ಕಿ, ಆಮೇಲೆ ಕಾಫಿ ಕೆಳಕ್ಕೆ. ಚಾರ್ಮಾಡಿ ಘಟ್ಟದಲ್ಲಿ ಇಳಿದ ಸರಕು ಬಂಟ್ವಾಳಕ್ಕೆ ಬಂದು, ಅಲ್ಲಿಂದ ನೇತ್ರಾವತಿಯ ದೋಣಿ ಹತ್ತಿ ಮಂಗಳೂರಿಗೆ ಸೇರುತ್ತಿತ್ತು. ಬಂಟ್ವಾಳ ಪೇಟೆ ಬೆಳೆದದ್ದೇ ಹೀಗೆ. ಜೂನ್ ಬಂದರೆ ಎತ್ತುಗಳ ಗೊರಸು ಕೆಸರಲ್ಲಿ ಹೂತುಹೋಗುತ್ತಿತ್ತು, ಹೊಳೆ ಉಕ್ಕುತ್ತಿತ್ತು, ಸಮುದ್ರದಲ್ಲಿ ಹಡಗುಗಳೂ ನಿಲ್ಲುತ್ತಿದ್ದವು. ಪೇಟೆಯನ್ನು ಸಾಕಿದ ಹೊಳೆಯೇ 1923ರಲ್ಲೂ 1974ರಲ್ಲೂ ಅದನ್ನು ಮುಳುಗಿಸಿತು.

ದೂರದಿಂದ ಬಂದ ಪ್ರಯಾಣಿಕರೂ ಈ ಲೆಕ್ಕ ಬಲ್ಲವರೇ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲೆ ಗೇರುಸೊಪ್ಪೆಯ ದಾರಿಯಲ್ಲಿ ಘಟ್ಟ ಹತ್ತಿ ಇಕ್ಕೇರಿ ಕಂಡದ್ದು 1623ರ ನವೆಂಬರಿನಲ್ಲಿ. ಕೆಳಗಿಳಿದು ಉಳ್ಳಾಲದ ರಾಣಿಯನ್ನು ನೋಡಿದ್ದು ಡಿಸೆಂಬರಿನಲ್ಲಿ. ಟಿಪ್ಪುವಿನ ಪತನದ ಬಳಿಕ ನಾಡಿನ ಬೆಳೆ, ವ್ಯಾಪಾರ, ಜನಜೀವನ ಬರೆದುಕೊಂಡು ಬರಲು ಕಂಪನಿ ಸರ್ಕಾರ ಕಳುಹಿಸಿದ ಫ್ರಾನ್ಸಿಸ್ ಬುಕಾನನ್ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಕಾರ್ಕಳಗಳನ್ನು ಹಾದುಹೋದದ್ದು 1801ರ ಆರಂಭದ ತಿಂಗಳುಗಳಲ್ಲಿ. ಮಳೆಗೆ ಮುಂಚೆಯೇ ಅವನು ಕರಾವಳಿ ಬಿಟ್ಟು ಘಟ್ಟ ಹತ್ತಿದ್ದ. ಅವನ ಬರಹವಿಲ್ಲದೆ ಆ ಕಾಲದ ದಕ್ಷಿಣ ಕನ್ನಡದ ಚರಿತ್ರೆ ಬರೆಯುವುದು ಕಷ್ಟ. ಆದರೆ ಅದು ಒಣಗಿದ ತಿಂಗಳುಗಳ ಚಿತ್ರ. ಆಟಿಯ ನಾಡನ್ನು ಅವನು ನೋಡಲೇ ಇಲ್ಲ.

ಪಂಚಾಂಗವನ್ನು ಮೀರಹೊರಟವರು ಸೈನಿಕರು. 1783ರಲ್ಲಿ ಬಿದನೂರನ್ನು ಮರಳಿ ಗೆದ್ದ ಟಿಪ್ಪು, ಬ್ರಿಟಿಷರ ಕೈಲಿದ್ದ ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದು ಮೇ ತಿಂಗಳಲ್ಲಿ. ಮುಂದಿನದು ಮಳೆ. ಕಂದಕಗಳಲ್ಲಿ ನೀರು, ಡೇರೆಗಳಲ್ಲಿ ಜ್ವರ. ಕೋಟೆಯೊಳಗೂ ಹೊರಗೂ ಸೈನಿಕರು ರೋಗದಿಂದ ಸತ್ತರು. ಕೋಟೆ ಶರಣಾದದ್ದು 1784ರ ಜನವರಿಯಲ್ಲಿ. ಹತ್ತು ವರ್ಷದ ಬಳಿಕ, 1794ರಲ್ಲಿ, ಬೆಳ್ತಂಗಡಿಯ ಬಳಿ ಒಂಟಿಬಂಡೆಯ ಮೇಲೆ ಟಿಪ್ಪು ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಕರೆದ. ಊರವರ ಬಾಯಲ್ಲಿ ಇಂದಿಗೂ ಅದು ಗಡಾಯಿಕಲ್ಲು. ಘಟ್ಟದ ಬುಡವನ್ನು ಕಾಯುವ ಈ ಕೋಟೆಯನ್ನು ಬ್ರಿಟಿಷರು 1799ರಲ್ಲಿ ಹಿಡಿದರು. ಮರುವರ್ಷ ಅವರ ವಿರುದ್ಧ ಬಂಡೆದ್ದ ತಿಮ್ಮ ನಾಯಕ ಅದನ್ನು ಕಸಿದುಕೊಂಡ. ಅವನಿಂದ ಮತ್ತೆ ಬಿಡಿಸಿಕೊಳ್ಳಲು ಅವರಿಗೆ ತಿಂಗಳುಗಳೇ ಹಿಡಿದವು.

ಬಡವರ ಪಾಲಿಗೆ ಚಳಿಗಾಲವೆಂದರೆ ಘಟ್ಟಕ್ಕೆ ಕೂಲಿಗೆ ಹೋಗುವ ಕಾಲ. ಗದ್ದೆ ಕೊಯ್ಲು ಮುಗಿಸಿ ಕಾಫಿ ತೋಟಗಳಿಗೆ ಹತ್ತಿದವರು ಮಳೆಗೆ ಮುಂಚೆ ಇಳಿಯುತ್ತಿದ್ದರು. ಕೂಲಿಯ ದುಡ್ಡಿನ ಜೊತೆಗೆ ಎಷ್ಟೋ ಮಂದಿ ಮಲೇರಿಯವನ್ನೂ ತಂದರು. ಮಂಗನ ಕಾಯಿಲೆಯ ಉಣ್ಣಿಗಳು ಮನುಷ್ಯರಿಗೆ ಅಂಟುವುದೂ ಒಣ ಕಾಲದಲ್ಲೇ. 1982–83ರಲ್ಲಿ ಬೆಳ್ತಂಗಡಿ ತಾಲ್ಲೂಕಿನ ಕಾಡಿನಂಚಿನಲ್ಲಿ ಆ ರೋಗ ಹಬ್ಬಿ ನೂರಕ್ಕೂ ಹೆಚ್ಚು ಜನ ಸತ್ತರು. ನೆಡುತೋಪಿಗಾಗಿ ಕಾಡು ಕಡಿದದ್ದೇ ಅದಕ್ಕೆ ದಾರಿಯಾಯಿತೆಂದು ತಜ್ಞರು ಗುರುತಿಸಿದ್ದಾರೆ. ಸುಗ್ಗಿಯ ಕಾಲವನ್ನು ಹೊಗಳುವಾಗ ಈ ಸಾವುಗಳನ್ನು ಮರೆಯುವುದು ಸಲ್ಲದು.

ಸರ್ವಋತು ರಸ್ತೆ ಇಪ್ಪತ್ತನೆಯ ಶತಮಾನದ ದೊಡ್ಡ ಭರವಸೆಯಾಗಿತ್ತು. ಬೆಳುವಾಯಿಯನ್ನು ಹಾದುಹೋಗುವ ದಾರಿಯೇ ಇಂದು ರಾಷ್ಟ್ರೀಯ ಹೆದ್ದಾರಿ 169 ಆಗಿ ಕಾರ್ಕಳ, ಬಜಗೋಳಿ ದಾಟಿ ಕುದುರೆಮುಖದ ಕಾಡನ್ನೇರಿ ಶಿವಮೊಗ್ಗ ಮುಟ್ಟುತ್ತದೆ. ಶಿವರಾತ್ರಿಗೆ ಸಾವಿರಾರು ಜನ ಚಾರ್ಮಾಡಿಯಲ್ಲಿ ನಡೆದು ಧರ್ಮಸ್ಥಳಕ್ಕೆ ಇಳಿಯುತ್ತಾರೆ. ಆದರೂ 2019ರ ಆಗಸ್ಟಿನಲ್ಲಿ ಚಾರ್ಮಾಡಿಯ ಗುಡ್ಡಗಳು ಒಂದರ ಮೇಲೊಂದು ಕುಸಿದು ರಸ್ತೆ ತಿಂಗಳುಗಟ್ಟಲೆ ಮುಚ್ಚಿತು. ಹೆದ್ದಾರಿ ಬಂದ ಮೇಲೂ ಕಡೆಯ ತೀರ್ಮಾನ ಘಟ್ಟದ್ದೇ. ಇನ್ನು ಎಳನೀರು ಎಂಬ ಊರಿನವರ ಪಾಡು ಬೇರೆ. ಅದು ಬೆಳ್ತಂಗಡಿ ತಾಲ್ಲೂಕಿನದೇ ಮಲವಂತಿಗೆ ಗ್ರಾಮದ ಭಾಗ. ದಿಡುಪೆಯ ಕಾಡುದಾರಿ ವಾಹನಕ್ಕೆ ಒದಗದೆ, ತಾಲ್ಲೂಕು ಕಚೇರಿಯ ಒಂದು ಕೆಲಸಕ್ಕೆ ಕುದುರೆಮುಖ, ಬಜಗೋಳಿ ಸುತ್ತಿ ನೂರು ಕಿಲೋಮೀಟರಿಗೂ ಹೆಚ್ಚು ದೂರ ಬಂದವರು ಅಲ್ಲಿಯವರು. ಅವರು ಕೇಳುವ ರಸ್ತೆ ಜೀವನದ ಅಗತ್ಯ. ಮೋಜಿಗೆ ಕೇಳುವ ರಸ್ತೆಯೊಂದಿಗೆ ಅದನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು.

ಈಗ ಜನ ಮಳೆಗಾಲವನ್ನೇ ಹುಡುಕಿಕೊಂಡು ಬರುತ್ತಿದ್ದಾರೆ. ಹಿಂದಿನವರು ಪತ್ತನಾಜೆಗೆ ಬಿಟ್ಟುಬಂದ ಬೆಟ್ಟಕ್ಕೆ ಜುಲೈಯಲ್ಲಿ ಕಾರುಗಳ ಸಾಲು. ಜಾರುವ ಬಂಡೆ, ದಿಢೀರನೆ ಏರುವ ತೊರೆ, ಕುಸಿಯುವ ಧರೆ ಯಾರ ಫೋಟೊಗಾಗಿಯೂ ಕಾಯುವುದಿಲ್ಲ. ಹಾಗಾಗಿಯೇ ಈಚಿನ ವರ್ಷಗಳಲ್ಲಿ ಮಳೆ ಬಿರುಸಾದಾಗ ಗಡಾಯಿಕಲ್ಲಿಗೂ ಬೆಳ್ತಂಗಡಿಯ ಜಲಪಾತಗಳಿಗೂ ಪ್ರವೇಶ ತಡೆಯುತ್ತಾರೆ. ಈ ತಡೆಯನ್ನು ಅಧಿಕಾರಿಗಳ ಕಿರುಕುಳವೆಂದು ಬಗೆಯುವವರಿದ್ದಾರೆ. ಆದರೆ ಇದು ನಾಡು ತಲೆಮಾರುಗಳಿಂದ ಪಾಲಿಸಿಕೊಂಡು ಬಂದ ಕಟ್ಟಳೆಯೇ.

ಮಳೆಯ ನಾಡನ್ನು ನೋಡಲೇಬೇಕೆನ್ನುವವರಿಗೆ ತಪ್ಪಲಲ್ಲೇ ಬೇಕಾದಷ್ಟಿದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದ್ದು. ಅದರ ಇಳಿಜಾರು ಮಾಡು ಮಳೆಯನ್ನು ಎದುರಿಸಲೆಂದೇ ಕಟ್ಟಿದ್ದು. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗ್ಯುಸನ್ ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬಸದಿಗಳಿಗೆ ಹೋಲಿಕೆ ಕಂಡದ್ದು ನೇಪಾಳದ ಕಟ್ಟಡಗಳಲ್ಲಿ. ಬೆಳುವಾಯಿಯಲ್ಲೇ 2013ರಲ್ಲಿ ಸಮ್ಮಿಲನ್ ಶೆಟ್ಟಿಯವರ ಚಿಟ್ಟೆ ಪಾರ್ಕ್ ತೆರೆಯಿತು. ಮಳೆಗೆ ಚಿಗುರಿದ ಗಿಡಗಳೇ ಅಲ್ಲಿನ ಹುಳುಗಳಿಗೆ ಊಟ, ಮಳೆ ಇಳಿಯುವ ಹೊತ್ತಿಗೆ ಚಿಟ್ಟೆಗಳ ಸಂಭ್ರಮ. ಜೂನ್, ಜುಲೈಯಲ್ಲಿ ಬರುವವರು ದಯವಿಟ್ಟು ಇಲ್ಲಿಯೇ ನಿಲ್ಲಿ. ಬಸದಿಯ ಜಗಲಿಯಲ್ಲಿ ಕೂತು ಮಳೆ ನೋಡಿ, ಊರಲ್ಲಿ ತಾಳಮದ್ದಳೆಯಿದ್ದರೆ ಕೇಳಿ, ಘಟ್ಟವನ್ನು ಆ ಮಳೆಯ ತಿಂಗಳುಗಳಲ್ಲಿ ಅದರ ಪಾಡಿಗೆ ಬಿಡಿ.