ಕೋವಿ, ಕಾಯಿದೆ ಮತ್ತು ಕಷಾಯ

ರಾಮನಗರದ ಬಂಡೆಗಳೆಂದರೆ ಹಲವರಿಗೆ ಬಂದೂಕಿನ ಸದ್ದೇ ನೆನಪು. 1975ರ ‘ಶೋಲೆ’ ಚಲನಚಿತ್ರದ ಪ್ರಭಾವವದು. ನಿಜವಾದ ಗುಂಡಿನ ಮಳೆ ಈ ಸೀಮೆಯಲ್ಲಿ ಸುರಿದದ್ದು 1791ರ ಡಿಸೆಂಬರಿನಲ್ಲಿ, ಕಾರ್ನ್‌ವಾಲಿಸನ ಸೈನ್ಯವು ಮಾಗಡಿಯ ಸಾವನದುರ್ಗವನ್ನು ಹಿಡಿದಾಗ. ಇಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳಲ್ಲಿ ಕಾಡುಪ್ರಾಣಿಗಳಿಂದ ಬೆಳೆ ಕಾಯುವ ರೈತನೂ ಕೋವಿಯಿಡಲು 1959ರ ಆಯುಧ ಕಾಯಿದೆಯನ್ವಯ ಪರವಾನಗಿ ಪಡೆಯಬೇಕು. ಚುನಾವಣೆ ಬಂದರೆ ಸಾಮಾನ್ಯವಾಗಿ ಅದನ್ನು ಠಾಣೆಗೆ ಒಪ್ಪಿಸಬೇಕು.

ಇದೇ ರಾಜ್ಯದ ಕೊಡಗಿನಲ್ಲಿ ಸ್ಥಿತಿ ಬೇರೆ. 1857ರ ದಂಗೆಯ ತರುವಾಯ ಬ್ರಿಟಿಷರು ಪ್ರಜೆಗಳನ್ನು ನಿರಾಯುಧರನ್ನಾಗಿ ಮಾಡಹೊರಟಾಗ, ಕಮಿಷನರ್ ಮಾರ್ಕ್ ಕಬ್ಬನ್ ಅವರು 1861ರಲ್ಲಿ ಕೊಡವರಿಗೆ ರಾಜನಿಷ್ಠೆಯ ಮನ್ನಣೆಯಾಗಿ ವಿನಾಯಿತಿ ನೀಡಿದರು. ಈ ಭೇದವು ಹುಟ್ಟಿದ್ದು ನೀತಿವಿಚಾರದಿಂದಲ್ಲ, ರಾಜಕಾರಣದಿಂದ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಸಲ್ಲುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಂದು ಅಲ್ಲಿ ಕೋವಿಗೆ ಪೂಜೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೋವಿಯೊಂದೇ ಕೊಲೆಗೆ ಕಾರಣವಾಗಿದ್ದರೆ ಕೊಡಗು ಕೊಲೆಗಳ ನಾಡಾಗಬೇಕಿತ್ತು. ಹಾಗಾಗಿಲ್ಲ. ಅಲ್ಲಿ ಕೋವಿಯು ಮನೆತನದ ಮರ್ಯಾದೆಗೆ ಸೇರಿದ ವಸ್ತು. ಆ ಮರ್ಯಾದೆಯೇ ಕೈಯನ್ನು ತಡೆಯುವುದೆಂದು ನನ್ನ ಭಾವನೆ.

ಹಾಗೆಂದು ಆಯುಧವು ನಿರ್ದೋಷಿಯೆನ್ನಲಾಗದು. ಭಾರತದಲ್ಲಿ 2022ರಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಲಕ್ಷ ಜನರಿಗೆ ಸುಮಾರು 2. ನಮ್ಮ ಕಾಲುಭಾಗಕ್ಕಿಂತ ಕಡಿಮೆ ಜನರಿರುವ ಅಮೆರಿಕದಲ್ಲಿ 2021ರಲ್ಲಿ ಸುಮಾರು 26,000 ಕೊಲೆಗಳು. ಹತ್ತರಲ್ಲಿ ಎಂಟು ಗುಂಡಿನಿಂದಾದವು. ಅಲ್ಲಿಯವರು ನಮಗಿಂತ ಮಹಾಕೋಪಿಷ್ಠರೇನು? ನಮ್ಮ ಕೊಲೆಗಳಿಗೂ ವ್ಯಾಜ್ಯವೇ ಮೊದಲ ಕಾರಣ, ವೈಯಕ್ತಿಕ ದ್ವೇಷ ಎರಡನೆಯದು. ಕ್ರೋಧ, ಮಾನಗಳೆಂಬ ಕಷಾಯಗಳು ಎಲ್ಲೆಡೆಯೂ ಒಂದೇ. ಹೊಲದ ಬದುವಿಗಾಗಿ ಎತ್ತಿದ ದೊಣ್ಣೆಯನ್ನು ನೆರೆಯವನು ಹಿಡಿದು ನಿಲ್ಲಿಸಬಹುದು. ಪೆಟ್ಟು ತಿಂದವನು ಬದುಕಲೂಬಹುದು. ಗುಂಡು ಅಷ್ಟು ಅವಕಾಶ ಕೊಡುವುದು ಅಪರೂಪ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕತ್ತಿ, ಕೊಡಲಿ ಮೊದಲಾದ ಹಿಂಸೋಪಕರಣಗಳನ್ನು ಪರರಿಗೆ ಕೊಡುವ ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಕೊಂದವನಷ್ಟೇ ಅಲ್ಲ, ಆಯುಧವನ್ನು ಕೈಗಿತ್ತವನೂ ವಿಚಾರಣೆಗೆ ಬರುತ್ತಾನೆ. ವರ್ತಕರಾದ ನಮಗೆ ಇದು ಹೆಚ್ಚು ಸಲ್ಲುವ ಮಾತು. ಕಾಯಿದೆಯೂ ಆ ದಿಕ್ಕಿನಲ್ಲಿಯೇ ಸಾಗಿದೆ: 2019ರ ತಿದ್ದುಪಡಿಯು ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಆದರೆ ಕಾಡಂಚಿನ ಬೇಟೆಗೆಂದು ಗುಟ್ಟಾಗಿ ಮಾಡಿಸಿದ ನಾಡಬಂದೂಕು ಯಾವ ದಫ್ತರಿನಲ್ಲಿಯೂ ಇಲ್ಲ. ಅದನ್ನು ಮಾಡಿಕೊಟ್ಟವನಾರು, ಮದ್ದು ಮಾರಿದವನಾರು ಎಂಬುದನ್ನು ಊರಿನ ಹಿರಿಯರು ಬಲ್ಲರು.