ಗೋಡೆಯ ಪತ್ರವೋ, ಕೈಯ ಕಸುಬೋ?

ಜಡೆ ಎಂದೊಡನೆ ನಮ್ಮ ಕಣ್ಣಮುಂದೆ ಬರುವುದು ಬೆನ್ನ ಮೇಲೆ ಇಳಿಬಿದ್ದ ಮೂರೆಳೆಯ ಒಂದು ಹೆರಳು. ಅಮೆರಿಕದ ಕಪ್ಪು ಜನರ ಹೆಣಿಗೆಯ ಬಗೆಯೇ ಬೇರೆ. ನೆತ್ತಿಗೆ ಅಂಟಿದಂತೆ ಸಾಲುಸಾಲಾಗಿ ಸಾಗುವ ‘ಕಾರ್ನ್‌ರೋ’ ಉಂಟು; ಚೌಕಚೌಕವಾಗಿ ಬೈತಲೆ ತೆಗೆದು ಹಾಕುವ ಹತ್ತಾರು ಸಣ್ಣ ಜಡೆಗಳೂ ಉಂಟು. ಸಣ್ಣ ಜಡೆಗಳಾದರೆ ಆರೆಂಟು ಗಂಟೆ ಕುಳಿತಿರಬೇಕಾದೀತು. ಆದ್ದರಿಂದಲೇ ಅಲ್ಲಿ ಹೆಣೆಯುವ ಅಂಗಡಿಗೆ ಹೋಗುವವರು ದಿನ, ಹೊತ್ತನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಮುಂಗಡ ಕೊಡುವುದೂ ಉಂಟು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, 125ನೇ ಬೀದಿಯ ಆಸುಪಾಸಿನಲ್ಲಿ, ಸೆನೆಗಲ್ ಮೊದಲಾದ ಪಶ್ಚಿಮ ಆಫ್ರಿಕದ ದೇಶಗಳಿಂದ ಬಂದ ಹೆಂಗಸರು ಈ ಕಸುಬಿನಿಂದಲೇ ಸಂಸಾರ ತೂಗಿಸಿದ್ದಾರೆ.

ಅಂಗಡಿಯನ್ನು ಆರಿಸುವುದು ಹೇಗೆ? ಗೋಡೆಗೆ ತೂಗುಹಾಕಿದ ಸರ್ಕಾರಿ ಪರವಾನಗಿ ನೋಡಿದರಾಯಿತು ಎಂದು ನೀವು ಹೇಳಬಹುದು. ಆ ಪತ್ರದ ಕಥೆ ಕೇಳಿ.

ವಾಷಿಂಗ್‌ಟನ್ ನಗರದಲ್ಲಿ ‘ಕಾರ್ನ್‌ರೋಸ್ ಅಂಡ್ ಕಂಪನಿ’ ಎಂಬ ಅಂಗಡಿ ನಡೆಸುತ್ತಿದ್ದ ತಾಲಿಬ್‌ದಿನ್ ಉಕ್ದಾ ಮತ್ತು ಪಮೇಲಾ ಫೆರೆಲ್ ದಂಪತಿಗಳಿಗೆ, ಸೌಂದರ್ಯ ಪ್ರಸಾಧನದ ಪರವಾನಗಿ ಇಲ್ಲವೆಂದು ನಗರಾಡಳಿತ ದಂಡ ವಿಧಿಸಿತು. ಆ ಪರವಾನಗಿ ಸಿಗಬೇಕಾದರೆ ಕತ್ತರಿ, ಬಣ್ಣ, ರಾಸಾಯನಿಕಗಳ ಪಾಠ ಕಲಿಯಬೇಕು. ಇವರೋ ಕತ್ತರಿಯನ್ನೂ ಹಿಡಿಯುವವರಲ್ಲ, ರಾಸಾಯನಿಕವನ್ನೂ ಮುಟ್ಟುವವರಲ್ಲ! 1991ರಲ್ಲಿ ಮೊಕದ್ದಮೆ ಹೂಡಿದರು. ನ್ಯಾಯಾಲಯ ನಗರದ ಪರವಾಗಿ ತೀರ್ಪಿತ್ತಿತು. ಆದರೂ 1992ರಲ್ಲಿ ನಗರಸಭೆಯೇ ನಿಯಮ ಬದಲಿಸಿತು. ಸೋತ ಮೊಕದ್ದಮೆಯೂ ಒಮ್ಮೊಮ್ಮೆ ಕೆಲಸ ಮಾಡುತ್ತದೆ. 2005ರಲ್ಲಿ ಮಿಸಿಸಿಪಿ ರಾಜ್ಯ, ಹೆಸರು ನೋಂದಾಯಿಸಿ ಶುಚಿತ್ವದ ನಿಯಮ ಪಾಲಿಸಿದರೆ ಸಾಕು ಎಂದಿತು.

ಯೂಟಾ ರಾಜ್ಯದ್ದು ಇನ್ನೂ ವಿಚಿತ್ರ. ಸಿಯೆರಾ ಲಿಯೋನ್‌ನಲ್ಲಿ ಬಾಲ್ಯದಲ್ಲೇ ಹೆಣಿಗೆ ಕಲಿತ ಜೆಸ್ಟಿನಾ ಕ್ಲೇಟನ್ ಅವರಿಗೆ ಅಲ್ಲಿನ ಕಾನೂನು 2000 ಗಂಟೆಗಳ ಶಿಕ್ಷಣ ಪಡೆದು ಬನ್ನಿ ಎಂದಿತು. ದಿನಕ್ಕೆ 8 ಗಂಟೆಯಂತೆ 250 ದಿನ! ಅದರಲ್ಲಿ ಬಹುಪಾಲು ಪಾಠಗಳಿಗೂ ಹೆಣಿಗೆಗೂ ಸಂಬಂಧವೇ ಇರಲಿಲ್ಲ. 2012ರಲ್ಲಿ ಫೆಡರಲ್ ನ್ಯಾಯಾಲಯ ಆಕೆಯ ಪರವಾಗಿ ತೀರ್ಪು ಕೊಟ್ಟಿತು.

ಹಾಗಾದರೆ ಶುಚಿತ್ವ, ಸುರಕ್ಷತೆ ಮುಖ್ಯವಲ್ಲವೆ? ಖಂಡಿತ ಮುಖ್ಯ. ಬಾಚಣಿಗೆ ತೊಳೆದಿದೆಯೇ ನೋಡಿ. ಎಷ್ಟು ಗಂಟೆ ಹಿಡಿಯುತ್ತದೆ, ಸೇರಿಸುವ ಕೂದಲು ಯಾರದ್ದು, ತಲೆ ತೊಳೆದು ಬರಬೇಕೆ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಆಮೇಲೆ ಆಕೆ ಹಿಂದೆ ಹೆಣೆದ ತಲೆಗಳನ್ನು, ಅದರಲ್ಲೂ ಹಣೆಯಂಚನ್ನು, ಗಮನಿಸಿ. ಅಲ್ಲಿನ ಕೂದಲು ನವುರು. ಬಿಗಿಯಾದ ಹೆಣಿಗೆ ದಿನವಿಡೀ ಜಗ್ಗುತ್ತಿದ್ದರೆ ಬೇರಿನ ಕೋಶ ಊದಿಕೊಳ್ಳುತ್ತದೆ. ವರ್ಷಗಟ್ಟಲೆ ಹೀಗೇ ಆದರೆ ಉದುರಿದ ಕೂದಲು ಮತ್ತೆ ಹುಟ್ಟದು. ಹೆಣೆಯುವಾಗಲೇ ನೋವಾದರೆ, ಅಂಚಿನಲ್ಲಿ ಗುಳ್ಳೆ ಎದ್ದರೆ, ನಾಳೆ ಸರಿಹೋಗುತ್ತದೆ ಎಂಬ ಸಮಾಧಾನದ ಮಾತಿಗೆ ಒಪ್ಪಬೇಡಿ. ಅಲ್ಲೇ ಬಿಚ್ಚಿಸಿ, ಸಡಿಲವಾಗಿ ಹೆಣೆಯಲು ಹೇಳಿ.